ಕೈ ಯಾರದು, ಹೆಸರು ಯಾರದು?

(ನಿಟ್ಟೆಯಲ್ಲಿ ಸೇರಿದ್ದ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಫ್ರಿಕಾದ ಕಲೆಯ ಬಗ್ಗೆ ಆಡಿದ ಮಾತುಗಳ ಬರಹರೂಪ)



ಇವತ್ತು ಆಫ್ರಿಕಾದ ಕಲೆಯ ಬಗ್ಗೆ ಮಾತಾಡ್ತೇವೆ ಅಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ತಪ್ಪಿಲ್ಲ. ಪರೀಕ್ಷೆ ಹತ್ತಿರ ಬಂತು, ಮನೆಯಲ್ಲಿ ಸಾಲ ಉಂಟು, ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಇಂಥ ಹೊತ್ತಲ್ಲಿ ಎಲ್ಲಿಯ ಆಫ್ರಿಕಾ, ಎಲ್ಲಿಯ ಕಲೆ? ಕಲೆ ಅನ್ನೋದು ಹೊಟ್ಟೆ ತುಂಬಿದವರ ಬಾಬ್ತು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ನಾವೂ ನಂಬಿಬಿಟ್ಟಿದ್ದೇವೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಹೊಟ್ಟೆ ತುಂಬಿದವರು ಗೋಡೆಗೆ ತೂಗುಹಾಕಿಕೊಂಡಿರುವ ಮೊಗ, ಅಂಗಳದಲ್ಲಿ ಆಡಿಸಿದ ಕೋಲ, ಜಗಲಿಯಲ್ಲಿಟ್ಟ ಬುಟ್ಟಿ, ಇದನ್ನೆಲ್ಲ ಮಾಡಿದ ಕೈ ಯಾರದು?

ಆಫ್ರಿಕಾಕ್ಕೆ ಹೋಗುವ ಮೊದಲು ಕಾರ್ಕಳಕ್ಕೆ ಹೋಗೋಣ. ಇಲ್ಲಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ ಬೇಡ. ಅಲ್ಲಿ ಬಂಡೆಯ ಗುಡ್ಡದ ಮೇಲೆ ಗೊಮ್ಮಟ ನಿಂತಿದ್ದಾನೆ. ಎತ್ತರ ಸುಮಾರು 42 ಅಡಿ. ನಿಲ್ಲಿಸಿದ್ದು 1432ರಲ್ಲಿ. ನಿಲ್ಲಿಸಿದ ಅರಸ ವೀರಪಾಂಡ್ಯ, ಭೈರರಸರ ವಂಶದವನು. ಅವನ ಹೆಸರು ಶಾಸನದಲ್ಲಿ ಉಂಟು, ಗುರು ಲಲಿತಕೀರ್ತಿಯ ಹೆಸರೂ ಉಂಟು. ಕೆತ್ತಿದವನ ಹೆಸರನ್ನು ಉಳಿಸಿಕೊಟ್ಟದ್ದು ಮಾತ್ರ ಪಾಡ್ದನ. ಅವನು ಬೀರ ಕಲ್ಕುಡ, ಕಲ್ಲು ಕೆತ್ತುವ ಕುಲದ ಹುಡುಗ.

ಪಾಡ್ದನ ಏನು ಹೇಳುತ್ತದೆ? ಅರಸ ಕಲ್ಕುಡನ ಕೆಲಸ ನೋಡಿ ಬೆರಗಾದ. ಕೊಟ್ಟ ಬಹುಮಾನ ಏನು? ಅವನ ಎಡಗೈ, ಬಲಗಾಲು ಕಡಿಸಿದ. ಇಂಥದ್ದು ಇನ್ನೊಬ್ಬ ಅರಸನಿಗೆ ಕೆತ್ತಬಾರದಲ್ಲ! ಕಲ್ಕುಡ ಉಳಿದ ಒಂದು ಕೈ ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಅಲ್ಲೂ ಒಂದು ಗೊಮ್ಮಟನನ್ನು ಕೆತ್ತಿದ. ತಂಗಿ ಕಲ್ಲುರ್ಟಿ ಅಣ್ಣನ ಗತಿ ಕಂಡು ಉರಿದೆದ್ದಳು. ಅಣ್ಣ ತಂಗಿ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಂಡರು.

ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಕೆತ್ತುವುದು ಸಾಧ್ಯವಿಲ್ಲ ಅಂತ ಇತಿಹಾಸದ ಮೇಷ್ಟ್ರು ಹೇಳ್ತಾರೆ. ಸರಿಯೇ. ಆದರೆ ಪಾಡ್ದನ ಇಸವಿ ಹೇಳಲು ಹುಟ್ಟಿದ್ದಲ್ಲ. ಮಾಡಿದವನಿಗೂ ಮಾಡಿಸಿದವನಿಗೂ ನಡುವೆ ಇದ್ದ ಸಂಬಂಧ ಎಂಥದ್ದು ಅನ್ನೋದನ್ನು ಅದು ಹೇಳುತ್ತದೆ. ಇದನ್ನು ಉಳಿಸಿದವರು ಯಾರು? ನಲಿಕೆಯವರು, ಪರವರು, ಪಂಬದರು. ನೇಜಿ ನೆಡುತ್ತಾ ಸೊಂಟ ಬಗ್ಗಿಸಿ ಹಾಡಿದ ನಮ್ಮ ತಾಯಂದಿರು. ಅರಸನ ಹೆಸರಿಗೆ ಕಲ್ಲು ಬೇಕಾಯಿತು. ಕಲ್ಕುಡನ ಹೆಸರಿಗೆ ಅಕ್ಷರ ಇಲ್ಲದವರ ಬಾಯಿ ಸಾಕಾಯಿತು.

ಈಗ ಆಫ್ರಿಕಾಕ್ಕೆ ಬರೋಣ. ಕೈ ಕಡಿದದ್ದು ನಮ್ಮಲ್ಲಿ ಪಾಡ್ದನ, ಕಾಂಗೋದಲ್ಲಿ ಅದು ದಾಖಲೆ. 1885ರಿಂದ 1908ರವರೆಗೆ ಆ ದೇಶ ಬೆಲ್ಜಿಯಂನ ದೊರೆ ಎರಡನೇ ಲಿಯೋಪೋಲ್ಡನ ಸ್ವಂತ ಆಸ್ತಿ. ರಬ್ಬರು ಸಾಕಷ್ಟು ತರದ ಹಳ್ಳಿಗಳ ಮೇಲೆ ಸಿಪಾಯಿಗಳು ಬಿದ್ದರು. ಖರ್ಚು ಮಾಡಿದ ತೋಟೆಗೆ ಲೆಕ್ಕ ಕೊಡಲು ಕೈ ಕಡಿದು ತಂದರು. ಆ ಕೈಗಳ ಫೋಟೋಗಳೇ ಇವೆ. ಮರ ಕೆತ್ತಿದ, ಚಾಪೆ ಹೆಣೆದ, ಎರಕ ಹೊಯ್ದ ಕೈಗಳೂ ಅವರೊಳಗೆ ಇದ್ದವು ಅನ್ನೋದನ್ನು ಮರೆಯಬಾರದು.

ಕೈ ಕಡಿಯದೆ ಹೆಸರು ಮಾತ್ರ ಕಡಿಯುವ ದಾರಿಯೂ ಉಂಟು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ನಗರಕ್ಕೆ ನುಗ್ಗಿತು. ಇದು ಈಗಿನ ನೈಜೀರಿಯಾದೊಳಗಿನ ಹಳೆಯ ರಾಜ್ಯ. ನಗರಕ್ಕೆ ಬೆಂಕಿ ಬಿತ್ತು, ಅರಸ ಗಡಿಪಾರಾದ. ಸಾವಿರಾರು ಹಿತ್ತಾಳೆ ಫಲಕಗಳು, ಎರಕದ ತಲೆಗಳು, ದಂತದ ಕೆತ್ತನೆಗಳು ಹಡಗು ಹತ್ತಿದವು. ಒಂದಷ್ಟನ್ನು ಮಾರಿ ದಂಡಯಾತ್ರೆಯ ಖರ್ಚಿಗೆ ಹಚ್ಚಿದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ 900ಕ್ಕೂ ಹೆಚ್ಚು ವಸ್ತುಗಳು ಇವೆ.

ಅವನ್ನು ಕಂಡ ಯುರೋಪಿನ ಪಂಡಿತರ ಮೊದಲ ಮಾತು ಏನು ಗೊತ್ತಾ? ಕರಿಯರು ಇದನ್ನು ಮಾಡಿರಲಿಕ್ಕಿಲ್ಲ. ಪೋರ್ಚುಗೀಸರು ಕಲಿಸಿರಬೇಕು, ಇಲ್ಲಾ ಈಜಿಪ್ಟಿನಿಂದ ಬಂದಿರಬೇಕು. ಎರಕ ಹೊಯ್ದವರ ಸಂತಾನ ಅದೇ ಊರಿನ ಇಗುನ್ ಬೀದಿಯಲ್ಲಿ ಇತ್ತು. ಇವತ್ತಿಗೂ ಅಲ್ಲಿ ಮೇಣದ ಅಚ್ಚು ಮಾಡಿ ಹಿತ್ತಾಳೆ ಹೊಯ್ಯುತ್ತಾರೆ. ಅವರನ್ನು ಕೇಳಬೇಕು ಅಂತ ಆ ಪಂಡಿತರಿಗೆ ತೋಚಲಿಲ್ಲ. ಈ ಮಾತು ನಮಗೆ ಹೊಸದಾ? ನಮ್ಮ ಹುಡುಗಿ ತರಗತಿಗೆ ಮೊದಲು ಬಂದರೆ ಯಾರೋ ಬರೆದುಕೊಟ್ಟಿರಬೇಕು ಅನ್ನುವವರು ಇವತ್ತೂ ಇಲ್ಲವಾ?

ಹತ್ತು ವರ್ಷ ಕಳೆಯಿತು. 1907ರಲ್ಲಿ ಪಿಕಾಸೊ ಅನ್ನುವ ಯುವಕ ಪ್ಯಾರಿಸಿನ ಟ್ರೊಕಾಡೆರೊ ಮ್ಯೂಸಿಯಂಗೆ ಹೋಗಿ ಆಫ್ರಿಕಾದ ಮೊಗಗಳನ್ನು ನೋಡಿದ. ಅದೇ ವರ್ಷ ಅವನು ಬರೆದ ಐದು ಹೆಂಗಸರ ಚಿತ್ರದಲ್ಲಿ ಎರಡು ಮುಖ ಮೊಗಗಳಾದವು. ಯುರೋಪಿನ ಆಧುನಿಕ ಕಲೆ ಅಲ್ಲಿಂದ ತಿರುವು ಪಡೆಯಿತು ಅಂತ ಪುಸ್ತಕಗಳು ಹೇಳುತ್ತವೆ. ಪಿಕಾಸೊ ಹೆಸರು ನಿಮಗೂ ಗೊತ್ತು. ಆ ಮೊಗ ಕೆತ್ತಿದವನ ಹೆಸರು? ಕೆಳಗೆ ಅಂಟಿಸಿದ ಚೀಟಿಯಲ್ಲಿ ಬುಡಕಟ್ಟಿನ ಹೆಸರು ಮಾತ್ರ. ಒಬ್ಬನಿಗೆ ಹೆಸರು, ಇನ್ನೊಬ್ಬನಿಗೆ ಜಾತಿ. ಇದೇ ಮ್ಯೂಸಿಯಂ ಕಾನೂನು.

ಹಾಗಾದರೆ ಆಫ್ರಿಕಾದವರು ಸುಮ್ಮನೆ ಕೂತರಾ? ಇಲ್ಲ. ಆಫ್ರಿಕಾದ ಇಂದಿನ ಕಲೆಯ ಕಥೆ ಅಂದರೆ ಆ ಚೀಟಿಯನ್ನು ಕಿತ್ತು ತಮ್ಮ ಹೆಸರು ಬರೆದುಕೊಂಡ ಕಥೆ. ಆದರೆ ದಾರಿ ನೇರ ಇರಲಿಲ್ಲ.

ನೈಜೀರಿಯಾದ ಐನಾ ಒನಬೊಲು ಹುಟ್ಟಿದ್ದು 1882ರಲ್ಲಿ. ಕರಿಯನಿಗೆ ಚಿತ್ರ ಬರೆಯಲು ಬರೋದಿಲ್ಲ ಅನ್ನುವ ಮಾತಿಗೆ ಉತ್ತರವಾಗಿ ಅವನು ತೈಲವರ್ಣದಲ್ಲಿ ತನ್ನ ಜನರ ಭಾವಚಿತ್ರ ಬರೆದ. ಯುರೋಪಿನವರು ಬರೆಯುವ ರೀತಿಯಲ್ಲೇ ಬರೆದ. ಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ಅಂತ ಸರ್ಕಾರದ ಹಿಂದೆ ಬಿದ್ದ. ಕಡೆಗೆ 1927ರಲ್ಲಿ ಸರ್ಕಾರ ಕೆನೆತ್ ಮರ್ರೆ ಎನ್ನುವ ಬಿಳಿಯ ಮೇಷ್ಟ್ರನ್ನು ಕಳಿಸಿತು. ಮೇಷ್ಟ್ರು ಬಂದು ಏನಂದ? ನಿಮಗೆ ಯುರೋಪಿನ ಚಿತ್ರಕಲೆ ಬೇಡ, ನಿಮ್ಮ ಸಾಂಪ್ರದಾಯಿಕ ಕೆಲಸವೇ ಚಂದ, ಮರ ಕೆತ್ತಿ, ಮಣ್ಣಿನ ಕೆಲಸ ಮಾಡಿ.

ಈ ಮಾತಿನಲ್ಲಿ ಪ್ರೀತಿಯೂ ಉಂಟು, ಮೋಸವೂ ಉಂಟು. ಮರ್ರೆ ಆ ಜನರ ಹಳೆಯ ಕೆಲಸಗಳನ್ನು ನಿಜವಾಗಿ ಮೆಚ್ಚಿದ್ದ, ಅವನ್ನು ಉಳಿಸಲು ದುಡಿದ. ಆದರೆ ಒನಬೊಲುವಿಗೆ ಬೇಕಾದ್ದನ್ನು ತೀರ್ಮಾನ ಮಾಡಲು ಅವನು ಯಾರು? ನಮಗೂ ಇಂಥ ಪ್ರೀತಿ ಗೊತ್ತು. ನೀವು ಜಾನಪದದ ಜನ, ನಿಮ್ಮ ಡೋಲು, ನಿಮ್ಮ ಕುಣಿತ ಎಷ್ಟು ಚಂದ, ಇಂಗ್ಲಿಷು ಕಂಪ್ಯೂಟರು ನಿಮಗೆ ಯಾಕೆ? ಹೀಗೆ ಹೇಳುವವರ ಮಕ್ಕಳು ಎಲ್ಲಿ ಓದುತ್ತಾರೆ ಅಂತ ವಿಚಾರಿಸಿ ನೋಡಿ.

ಒಂದು ಕಡೆ ಒಡೆಯನ ಹಾಗೇ ಬರೆ ಅನ್ನುವ ಹಗ್ಗ. ಇನ್ನೊಂದು ಕಡೆ ಅಜ್ಜನ ಹಾಗೇ ಇರು ಅನ್ನುವ ಹಗ್ಗ. ಇದನ್ನು ಬಿಚ್ಚಲು ಹೊರಟವರು ಯಾರು ಗೊತ್ತಾ? ವಿದ್ಯಾರ್ಥಿಗಳು. ನಿಮ್ಮ ಹಾಗೆ ಊರು ಬಿಟ್ಟು ದೂರದ ಕಾಲೇಜಿನಲ್ಲಿ ಓದುತ್ತಿದ್ದವರು. 1958ರಲ್ಲಿ ನೈಜೀರಿಯಾದ ಝಾರಿಯಾ ಕಾಲೇಜಿನಲ್ಲಿ ಉಚೆ ಒಕೆಕೆ, ಡೆಮಾಸ್ ನ್ವೊಕೊ, ಬ್ರೂಸ್ ಒನೊಬ್ರಾಕ್‌ಪೆಯಾ ಮುಂತಾದವರು ಒಂದು ಸಂಘ ಕಟ್ಟಿದರು. ತರಗತಿಯಲ್ಲಿ ಬಿಳಿಯ ಮೇಷ್ಟ್ರು ಹೇಳಿಕೊಟ್ಟದ್ದನ್ನು ಕಲಿತರು. ತರಗತಿಯ ಹೊರಗೆ ತಮ್ಮ ಜನರ ಕಥೆ, ಕೆತ್ತನೆ, ರಂಗೋಲೆಗಳನ್ನು ಕಲೆಹಾಕಿ ಚರ್ಚಿಸಿದರು. 1960ರ ಅಕ್ಟೋಬರಿನಲ್ಲಿ ದೇಶ ಸ್ವತಂತ್ರವಾದಾಗ ಒಕೆಕೆ ಒಂದು ಹೇಳಿಕೆ ಬರೆದ. ಅದರ ತಿರುಳು ಇಷ್ಟೇ: ಹಳೆಯದರಲ್ಲೂ ಹೊರಗಿನದರಲ್ಲೂ ನಮಗೆ ಬೇಕಾದ್ದನ್ನು ಆರಿಸಿ ಬೆಸೆಯೋಣ, ಆರಿಸುವವರು ನಾವೇ ಆಗಿರೋಣ.

ಅವನು ಆರಿಸಿದ್ದು ಏನನ್ನು? ಇಗ್ಬೊ ಹೆಂಗಸರು ಮೈಮೇಲೆ, ಮಣ್ಣಿನ ಗೋಡೆಯ ಮೇಲೆ ಬರೆಯುತ್ತಿದ್ದ ಉಲಿ ಎಂಬ ಗೆರೆಗಳನ್ನು. ಅವನ ತಾಯಿಯೇ ಉಲಿ ಬರೆಯುವವಳು. ಮಗ ತಾಯಿಯ ಹತ್ತಿರ ಕೂತು ಆ ಗೆರೆ ಕಲಿತ. ಬಿಯಾಫ್ರಾ ಯುದ್ಧ ಮುಗಿದ ಮೇಲೆ ಎನ್‌ಸುಕ್ಕಾ ವಿಶ್ವವಿದ್ಯಾಲಯದ ಮೇಷ್ಟ್ರಾಗಿ ಅದನ್ನು ಪಾಠದೊಳಗೆ ತಂದ. ಗೋಡೆ ಸಾರಿಸಿ ಗೆರೆ ಎಳೆಯುವ ಹೆಂಗಸಿನ ಕೆಲಸ ವಿಶ್ವವಿದ್ಯಾಲಯದ ಪಾಠವಾಯಿತು. ನಮ್ಮ ಅಮ್ಮಂದಿರ ಬುಟ್ಟಿಯ ಹೆಣಿಗೆ, ಪಾಡ್ದನದ ರಾಗ ಯಾವ ಕಾಲೇಜಿನ ಪಾಠ? ಯಾರೋ ಬಂದು ಟೇಪ್ ಮಾಡಿಕೊಂಡು ಹೋಗಿ ಡಾಕ್ಟರೇಟು ತಗೊಳ್ಳುತ್ತಾರೆ. ಅಮ್ಮನ ಹೆಸರು ಮುನ್ನುಡಿಯ ಕೊನೆಯಲ್ಲಿ ಬಂದರೆ ದೊಡ್ಡದು.

ಎನ್‌ಸುಕ್ಕಾದ ಇನ್ನೊಬ್ಬ ಮೇಷ್ಟ್ರು ಎಲ್ ಅನಾಟ್ಸುಯಿ, ಘಾನಾದಲ್ಲಿ 1944ರಲ್ಲಿ ಹುಟ್ಟಿದವನು. ಅವನಿಗೆ ಒಂದು ಸಲ ರಸ್ತೆ ಬದಿಯಲ್ಲಿ ಚೀಲ ತುಂಬ ಸಾರಾಯಿ ಬಾಟಲಿಯ ಮುಚ್ಚಳ ಸಿಕ್ಕಿತು. ಅವನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಹೊಲಿದು, ಗೋಡೆ ತುಂಬುವ ಬಂಗಾರದ ಬಟ್ಟೆಯಂಥದ್ದನ್ನು ಮಾಡಿದ. ನೋಡಲು ಅರಸರ ಶಾಲು. ಹತ್ತಿರ ಹೋದರೆ ರಮ್ಮು, ಬ್ರಾಂದಿಯ ಹೆಸರು. ಯುರೋಪಿನವರು ಹಡಗಿನಲ್ಲಿ ಮದ್ಯ ತಂದು ಬದಲಿಗೆ ಮನುಷ್ಯರನ್ನು ಕೊಂಡು ಹೋದ ಕಥೆ ಆ ಮುಚ್ಚಳಗಳಲ್ಲಿ ಉಂಟು. 2015ರಲ್ಲಿ ವೆನಿಸ್ಸಿನಲ್ಲಿ ಅವನಿಗೆ ಜೀವಮಾನದ ಸಾಧನೆಯ ಚಿನ್ನದ ಸಿಂಹ ಕೊಟ್ಟರು. ಸಾರಾಯಿ ನಮ್ಮ ಎಷ್ಟು ಮನೆ ಹಾಳು ಮಾಡಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ನೋವಿನ ಕಸವೇ ಕಲೆಯ ಸಾಮಾನು ಆಗಬಹುದು ಅನ್ನೋದನ್ನು ಅವನು ತೋರಿಸಿದ.

ದಕ್ಷಿಣ ಆಫ್ರಿಕಾದ ಕಥೆ ನಮಗೆ ಇನ್ನೂ ಹತ್ತಿರ. ಅಲ್ಲಿ ವರ್ಣಭೇದದ ಸರ್ಕಾರ ಇದ್ದಾಗ ದೇಶ ಬಿಟ್ಟು ಬಂದ ಕಲಾವಿದರು, ಕವಿಗಳು ಪಕ್ಕದ ಬೋಟ್ಸ್ವಾನಾದ ಗ್ಯಾಬರೋನ್ ನಗರದಲ್ಲಿ ಮೆಡು ಎಂಬ ತಂಡ ಕಟ್ಟಿದರು. ಸಿಲ್ಕ್ ಸ್ಕ್ರೀನಿನಲ್ಲಿ ಪೋಸ್ಟರ್ ತೆಗೆದರು, ಪತ್ರಿಕೆ ತಂದರು. ಪೋಸ್ಟರುಗಳನ್ನು ಗಡಿಯಾಚೆ ಕಳ್ಳದಾರಿಯಲ್ಲಿ ಕಳಿಸಿದರು. 1982ರಲ್ಲಿ ಅಲ್ಲೇ ದೊಡ್ಡ ಸಮ್ಮೇಳನ ನಡೆಯಿತು. ಕಲಾವಿದ ಅನ್ನುವ ಪದ ಬಿಟ್ಟು ತಮ್ಮನ್ನು ಸಂಸ್ಕೃತಿಯ ಕೆಲಸಗಾರರು ಅಂತ ಕರೆದುಕೊಂಡರು. ಆ ತಂಡದ ಚಿತ್ರಕಾರ ಥಾಮಿ ಮ್ನ್ಯೇಲೆ. 1985ರ ಜೂನ್ 14ರ ನಸುಕಿನಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯ ಗಡಿ ದಾಟಿ ಬಂದು ಗ್ಯಾಬರೋನಿನಲ್ಲಿ 12 ಜನರನ್ನು ಕೊಂದಿತು. ಥಾಮಿಯೂ ಅವರಲ್ಲಿ ಒಬ್ಬ. ಒಂದು ಪೋಸ್ಟರಿಗೆ, ಒಂದು ಸೈಕ್ಲೋಸ್ಟೈಲ್ ಹಾಳೆಗೆ ಏನು ಶಕ್ತಿ ಅಂತ ಕೇಳುವವರಿಗೆ ಇದು ಉತ್ತರ. ಶಕ್ತಿ ಇಲ್ಲದಿದ್ದರೆ ಸೈನ್ಯ ಯಾಕೆ ಬರುತ್ತಿತ್ತು?

ಕಾಂಗೋಕ್ಕೆ ಇನ್ನೊಮ್ಮೆ ಹೋಗಿ ಬರೋಣ. 1970ರ ದಶಕದಲ್ಲಿ ಅಲ್ಲಿ ಷಿಬುಂಬಾ ಕಂಡಾ ಮಾಟುಲು ಎಂಬ ಬೀದಿ ಚಿತ್ರಕಾರ ಇದ್ದ. ಕ್ಯಾನ್ವಾಸಿಗೆ ದುಡ್ಡೆಲ್ಲಿ? ಹಿಟ್ಟಿನ ಚೀಲ ಬಿಚ್ಚಿ ಅದರ ಮೇಲೆ ಬರೆದ. ತನ್ನ ದೇಶದ ಇತಿಹಾಸವನ್ನು 100ಕ್ಕೂ ಹೆಚ್ಚು ಚಿತ್ರಗಳಲ್ಲಿ ಹೇಳಿದ. ಬೆಲ್ಜಿಯಂನವರ ಚಾಟಿಯೇಟು, 1961ರಲ್ಲಿ ಕೊಲೆಯಾದ ಲುಮುಂಬಾ, ಎಲ್ಲ ಅದರಲ್ಲಿ ಉಂಟು. ಸರ್ಕಾರ ಬರೆಯದ ಇತಿಹಾಸವನ್ನು ಹಿಟ್ಟಿನ ಚೀಲ ಹೊತ್ತುಕೊಂಡಿತು.

ಅದೇ ದೇಶದ ಲುಸಂಗಾದಲ್ಲಿ 2014ರಲ್ಲಿ ತೋಟದ ಕೂಲಿಗಳು ಒಂದು ಕಲಾಸಂಘ ಕಟ್ಟಿದರು. ಜೊತೆಗೆ ಒಬ್ಬ ಡಚ್ ಕಲಾವಿದನೂ ಇದ್ದ. ಅದು ಒಂದು ಕಾಲಕ್ಕೆ ಸೋಪಿನ ಕಂಪನಿಯ ತಾಳೆತೋಟ. ಕೂಲಿಗಳು ಮಣ್ಣಿನಲ್ಲಿ ಮೂರ್ತಿ ಮಾಡಿದರು. ಅದನ್ನು ಆಮ್‌ಸ್ಟರ್‌ಡಾಮಿನಲ್ಲಿ ಕೋಕೋ, ತಾಳೆ ಕೊಬ್ಬಿನಲ್ಲಿ ಎರಕ ಹೊಯ್ದರು. ಮೂರ್ತಿಗಳು 2017ರಲ್ಲಿ ನ್ಯೂಯಾರ್ಕಿನಲ್ಲಿ, 2024ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶನವಾದವು. ಮಾರಿ ಬಂದ ದುಡ್ಡಲ್ಲಿ ಏನು ಮಾಡಿದರು ಕೇಳಿ. ಕಂಪನಿ ಬರಡು ಮಾಡಿದ ಭೂಮಿಯನ್ನು ಕೊಂಡುಕೊಂಡರು. ಅಲ್ಲಿ ಮತ್ತೆ ಗಿಡ ನೆಟ್ಟರು, ಉಣ್ಣಲು ಬೆಳೆದರು. ಕಲೆಯಿಂದ ಭೂಮಿ! ನಾವು ಐವತ್ತು ವರ್ಷದಿಂದ ಕೂಗುತ್ತಾ ಬಂದದ್ದೂ ಭೂಮಿ ಬೇಕು ಅಂತಲೇ ಅಲ್ಲವಾ?

ಈಗ ನಮ್ಮ ಅಂಗಳಕ್ಕೆ ಬರೋಣ. ಇಲ್ಲಿ ಮಾತು ಕಷ್ಟವಾಗುತ್ತದೆ.

ರಾತ್ರಿ ಕೋಲ. ನಮ್ಮ ಮನುಷ್ಯ ಮುಖಕ್ಕೆ ಅರದಳದ ಹಳದಿ ಬಳಿಯುತ್ತಾನೆ, ತೆಂಗಿನ ಸಿರಿಯಲ್ಲಿ ಉಡುಪು ಕಟ್ಟುತ್ತಾನೆ, ಅಣಿ ಏರಿಸುತ್ತಾನೆ, ಗಗ್ಗರ ಕಟ್ಟುತ್ತಾನೆ. ಬಣ್ಣ ಅವನದು, ಕತ್ತರಿ ಕೆಲಸ ಅವನದು, ಕುಣಿತ ಅವನದು, ಪಾಡ್ದನ ಅವನ ಮನೆಯ ಹೆಂಗಸಿನದು. ಗುತ್ತಿನ ಧಣಿ ಕೈಮುಗಿದು ಎದುರು ನಿಲ್ಲುತ್ತಾನೆ. ಬೆಳಗಾಗುತ್ತದೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಅಂಚಿನಲ್ಲಿ ಕೂರುತ್ತಾನೆ. ದೈವಕ್ಕೆ ಚಾವಡಿ, ದೈವ ಕಟ್ಟಿದವನಿಗೆ ಅಂಚು. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ದೇಶಕ್ಕೆಲ್ಲ ಕೋಲ ಗೊತ್ತಾಯಿತು. ಅದೇ ಅಕ್ಟೋಬರಿನಲ್ಲಿ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೆಯದೇ. ಆದರೆ ಆ ಅಂಚು ಮಾಸಾಶನದಿಂದ ಅಳಿಸುತ್ತದಾ?

ಕೊರಗರ ಡೋಲು ನೋಡಿ. ಅಜಲು ಅನ್ನುವ ಹೆಸರಿನಲ್ಲಿ ಆ ಜನರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದರು. ಕಂಬಳದ ದಿನ ಕೋಣಗಳಿಗೂ ಮೊದಲು ಕೆಸರಿನಲ್ಲಿ ಓಡಿಸಿದರು. ಕರೆದಾಗ ಬಂದು ಡೋಲು ಬಡಿಯಲೇಬೇಕಾಯಿತು. ಅಜಲು ನಿಷೇಧದ ಕಾಯಿದೆ ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ. ಹಾಗಾದರೆ ಡೋಲು ಕಲೆಯೋ ಸಂಕೋಲೆಯೋ?

1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಹೇಳಿದರು, ಸತ್ತ ದನದ ಮಾಂಸ ಬಿಡಿ, ಬೇಡುವುದನ್ನು ಬಿಡಿ, ಹೀನ ಮಾಡುವ ಕೆಲಸ ಬಿಡಿ ಅಂತ. ಅದನ್ನು ಕೇಳಿ ಡೋಲು ಕೆಳಗಿಟ್ಟವನು ಸರಿ. ಅವನನ್ನು ಸಂಸ್ಕೃತಿ ಮರೆತವನು ಅಂತ ಹಳಿಯುವ ಹಕ್ಕು ಯಾರಿಗೂ ಇಲ್ಲ. ತನ್ನ ಹಬ್ಬಕ್ಕೆ, ತನ್ನ ಮೆರವಣಿಗೆಗೆ, ತನ್ನ ಮನಸ್ಸು ಬಂದಾಗ ಡೋಲು ಬಡಿಯುವವನೂ ಸರಿ. ಚರ್ಮ ಒಂದೇ, ಶಬ್ದ ಒಂದೇ. ಕರೆ ಯಾರದು ಅನ್ನೋದರಲ್ಲಿ ಎಲ್ಲ ನಿಂತಿದೆ. ಝಾರಿಯಾದ ಹುಡುಗರು ಹೇಳಿದ್ದೂ ಇದನ್ನೇ, ಆರಿಸುವವರು ನಾವಾಗಬೇಕು.

ಹಳೆಯದೆಲ್ಲ ಬಂಗಾರ ಅನ್ನುವ ಮಾತೂ ನಮಗೆ ಬೇಡ. ಬೆನಿನ್ನಿನ ಹಿತ್ತಾಳೆ ಎಲ್ಲಿಂದ ಬಂತು? ಬಹಳಷ್ಟು ಯುರೋಪಿನ ವ್ಯಾಪಾರಿಗಳು ತಂದ ಹಿತ್ತಾಳೆ ಬಳೆಗಳಿಂದ. ಆ ಬಳೆಗಳು ಗುಲಾಮರ ಬೆಲೆಯೂ ಆಗಿದ್ದವು. ಈಗ ಯುರೋಪು ಸ್ವಲ್ಪ ಸ್ವಲ್ಪ ವಾಪಸು ಕೊಡುತ್ತಿದೆ. ಜರ್ಮನಿ 2022ರಲ್ಲಿ ಶುರು ಮಾಡಿತು, ನೆದರ್ಲೆಂಡ್ಸ್ 2025ರಲ್ಲಿ 119 ವಸ್ತು ಕೊಟ್ಟಿತು. 2023ರಲ್ಲಿ ನೈಜೀರಿಯಾದ ಅಧ್ಯಕ್ಷರು ಇವೆಲ್ಲದರ ಒಡೆಯ ಬೆನಿನ್ನಿನ ಅರಸನೇ ಅಂತ ಘೋಷಿಸಿದರು. ಕದ್ದದ್ದು ವಾಪಸು ಬರಲೇಬೇಕು. ಆದರೆ ಬಂದದ್ದು ಯಾರ ಮನೆಗೆ? ಅರಮನೆಗೋ, ಇಗುನ್ ಬೀದಿಯ ಎರಕದವನಿಗೋ, ಮಾರಲ್ಪಟ್ಟವರ ಮಕ್ಕಳಿಗೋ? ನಮ್ಮ ಬ್ರಹ್ಮಾವರ ಕಡೆಯ ಮೆಕ್ಕೆಕಟ್ಟಿನ ಮರದ ಭೂತಮೂರ್ತಿಗಳು ದೆಹಲಿಯ ಕರಕುಶಲ ಮ್ಯೂಸಿಯಂನಲ್ಲಿ ನಿಂತಿವೆ. ನಾಳೆ ಅವು ಹಿಂದೆ ಬಂದರೂ ನಾವು ಕೇಳಬೇಕಾದ ಪ್ರಶ್ನೆ ಇದೇ.

ಆಫ್ರಿಕಾ ದೂರ ಅಂದುಕೊಳ್ಳಬೇಡಿ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳು ಇದ್ದಾರೆ. ಪೋರ್ಚುಗೀಸರೂ ಇತರರೂ ಗುಲಾಮರಾಗಿ ತಂದವರ ಸಂತಾನ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಹೆಂಗಸರು ಹರಿದ ಸೀರೆ, ಲಂಗದ ತುಂಡು ಜೋಡಿಸಿ ಕವಂದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ ಹೂವು ಇಡುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಅನ್ನುತ್ತಾರೆ. ಮಗು ಮಲಗುವ ಆ ಕವಂದಿ 2011ರಲ್ಲಿ ನ್ಯೂಯಾರ್ಕಿನಲ್ಲಿ, ಕರಿಯರ ಇತಿಹಾಸಕ್ಕೆಂದೇ ಇರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವಾಯಿತು. ಹರಕು ಬಟ್ಟೆಗೂ ನಾಲ್ಕು ಹೂವು ಬೇಕು ಅಂದ ಆ ಹೆಂಗಸನ್ನು ಕಲೆ ಗೊತ್ತಿಲ್ಲದವಳು ಅಂತ ಯಾರು ಹೇಳುತ್ತಾರೆ?

ಗೆಳೆಯರೇ, ಮಾತು ಉದ್ದವಾಯಿತು. ಕೆಲಸ ಚಿಕ್ಕದು. ರಜೆಗೆ ಊರಿಗೆ ಹೋಗುವಾಗ ಒಂದು ನೋಟುಬುಕ್ಕು ತಗೊಂಡು ಹೋಗಿ. ನಿಮ್ಮ ಕೇರಿಯಲ್ಲಿ ಬುಟ್ಟಿ ಹೆಣೆಯುವವರು, ಅಣಿ ಕಟ್ಟುವವರು, ಡೋಲು ಬಿಗಿಯುವವರು, ಪಾಡ್ದನ ಹೇಳುವವರು ಯಾರು ಯಾರು? ಪೂರ್ತಿ ಹೆಸರು ಬರೆಯಿರಿ. ಯಾರಿಂದ ಕಲಿತರು ಬರೆಯಿರಿ. ಯಾರಾದರೂ ಬಿಟ್ಟಿದ್ದರೆ ಯಾಕೆ ಬಿಟ್ಟರು ಅಂತಲೂ ಬರೆಯಿರಿ, ಅದೂ ಇತಿಹಾಸ. ಅವರು ಬೇಡ ಅಂದದ್ದನ್ನು ಬರೆಯಬೇಡಿ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ನಿಮ್ಮಲ್ಲಿ ಚಿತ್ರ ಬರೆಯುವವರು ಇದ್ದರೆ ಹಿಟ್ಟಿನ ಚೀಲ ಸಾಕು, ಹಾಸ್ಟೆಲ್ ಗೋಡೆಗೆ ಒಂದು ಪೋಸ್ಟರು ಸಾಕು. ಕೆಳಗೆ ನಿಮ್ಮ ಹೆಸರು ಹಾಕಲು ನಾಚಿಕೆ ಬೇಡ.

ಕಲ್ಕುಡನಿಗೆ ಉಳಿದದ್ದು ಒಂದೇ ಕೈ. ನಮಗೆ ಎರಡೂ ಉಂಟು. ಅಕ್ಷರವೂ ಉಂಟು.

ಜೈ ಭೀಮ್.